ಪಾರಸಿಕರು: ವಿಧಿಯೂ ಗರ್ವವೂ

ಗ್ರೀಕ್ ರುದ್ರನಾಟಕವೆಂದರೆ ವಿಧಿಯ ಕೈಗೊಂಬೆಯಾದ ಮನುಷ್ಯನ ಕಥೆ ಎಂಬ ಗ್ರಹಿಕೆ ನಮ್ಮ ತರಗತಿಗಳಲ್ಲಿಯೂ ಬಲವಾಗಿದೆ. ಬಿ.ಎಂ. ಶ್ರೀಕಂಠಯ್ಯನವರು ಕನ್ನಡಕ್ಕೆ ತಂದ ಈಸ್ಕಿಲಸನ ‘ಪಾರಸಿಕರು’ ನಾಟಕವನ್ನು ಮರಳಿ ಓದುವಾಗ ಆ ಗ್ರಹಿಕೆ ನಿಲ್ಲುವುದಿಲ್ಲ.

ಕ್ರಿ.ಪೂ. 480ರಲ್ಲಿ ಪರ್ಷಿಯದ ನೌಕಾಪಡೆ ಸಲಾಮಿಸ್ ಜಲಸಂಧಿಯಲ್ಲಿ ಸೋತಿತು. ಕ್ರಿ.ಪೂ. 472ರಲ್ಲಿ, ವಿಜಯಿಗಳಾದ ಅಥೆನ್ಸಿನವರ ಮುಂದೆ ಈ ನಾಟಕ ಪ್ರದರ್ಶಿತವಾಯಿತು. ವೆಚ್ಚ ವಹಿಸಿದವನು ತರುಣ ಪೆರಿಕ್ಲಿಸ್. ಕವಿಯಾದರೋ ಮ್ಯಾರಥಾನಿನಲ್ಲಿ ಪರ್ಷಿಯನ್ನರ ವಿರುದ್ಧ ಹೋರಾಡಿ, ಸಹೋದರನನ್ನು ಅಲ್ಲಿಯೇ ಕಳೆದುಕೊಂಡವನು. ಆದರೂ ಅವನ ರಂಗದ ಮೇಲೆ ಒಬ್ಬ ಗ್ರೀಕನೂ ಇಲ್ಲ. ಇರುವುದು ಸೂಸಾ ನಗರದಲ್ಲಿ ಸುದ್ದಿಗಾಗಿ ಕಾಯುವ ಶತ್ರುವಿನ ತಾಯಿ, ವೃದ್ಧ ಮಂತ್ರಿಗಳು, ಸತ್ತವರ ಹೆಸರುಗಳು.

ನಾಟಕದ ತಿರುಳಿರುವುದು ಡೇರಿಯಸನ ಪ್ರೇತದ ಮಾತಿನಲ್ಲಿ. ಈ ವಿಪತ್ತು ದೈವವಾಣಿಗಳಲ್ಲಿ ಮೊದಲೇ ಸೂಚಿತವಾಗಿತ್ತು. ಬಹುಕಾಲದ ಮೇಲೆ ಫಲಿಸೀತೆಂದು ತಂದೆ ನಂಬಿದ್ದನು. ಮಗ ಕ್ಸೆರ್ಕ್ಸಿಸನು ಹೆಲೆಸ್ಪಾಂಟಿಗೆ ಹಡಗುಗಳ ಸೇತುವೆ ಬಿಗಿದು ಪವಿತ್ರ ಪ್ರವಾಹವನ್ನು ಕಟ್ಟಿಹಾಕಿದನು. ಅವನ ಸೇನೆ ಗ್ರೀಕರ ದೇವಾಲಯಗಳನ್ನು ಸುಟ್ಟಿತು. ವಿಧಿ ಇತ್ತು, ನಿಜ. ಅದರ ಗಳಿಗೆಯನ್ನು ಹತ್ತಿರಕ್ಕೆಳೆದದ್ದು ಗರ್ವ. ಯೆಶಾಯನ ಗ್ರಂಥದ ಹತ್ತನೆಯ ಅಧ್ಯಾಯವನ್ನು ನಾವು ಇದರ ಪಕ್ಕದಲ್ಲಿಟ್ಟು ಓದಬೇಕು: ಅಲ್ಲಿ ಅಸ್ಸೀರಿಯ ದೇವರ ಕೋಪದ ದಂಡವೇ ಆಗಿದ್ದರೂ ತನ್ನ ಹಮ್ಮಿಗಾಗಿ ತೀರ್ಪಿಗೊಳಗಾಗುತ್ತದೆ. ಆದರೆ ಪ್ರವಾದಿ ತನ್ನ ಜನರಲ್ಲಿ ಉಳಿದವರಿಗೆ ಮರಳುವ ದಾರಿಯನ್ನು ಕಾಣುತ್ತಾನೆ. ಈಸ್ಕಿಲಸನಲ್ಲಿ ಕೊನೆಗೆ ಉಳಿಯುವುದು ಹರಿದ ಉಡುಪಿನ ಅರಸನೂ ಗೋಳಾಟವೂ ಮಾತ್ರ.

ಅಥೆನ್ಸ್ ಕವಿಗೆ ಮೊದಲ ಬಹುಮಾನವನ್ನೇ ನೀಡಿತು. ಕ್ರಿ.ಪೂ. 415ರಲ್ಲಿ ಅದೇ ನಗರ ಸಿಸಿಲಿಯ ಮೇಲೆ ದಂಡೆತ್ತಿ ಹೊರಟಿತು. ಎರಡು ವರ್ಷಗಳ ತರುವಾಯ ಅದರ ನೌಕಾಪಡೆ ಸಿರಾಕ್ಯೂಸಿನ ಬಂದರಿನಲ್ಲಿ ನಾಶವಾಯಿತು.