ಪರವಾನಗಿಯಿಂದ ಬೀಗದವರೆಗೆ: ಗಡಿಭಾಗದ ಕನ್ನಡ ಕೇಳುಗ ಮತ್ತು ಸಾರ್ವಜನಿಕ ಪ್ರಸಾರ

ಸಾಂಗಲಿ ಮತ್ತು ಮಿರಜ ನಗರಗಳ ನಡುವೆ ಕುಪವಾಡ ಎಂಐಡಿಸಿ ಇದೆ. ಇಲ್ಲಿನ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುವ ಹೊತ್ತಿಗೆ ಮರಾಠಿಯ ಜೊತೆಗೆ ಕನ್ನಡವೂ ಕಿವಿಗೆ ಬೀಳುತ್ತದೆ. ಅದು ಜತ್ತ ತಾಲೂಕಿನ ಕನ್ನಡ, ಮಿರಜ ತಾಲೂಕಿನ ಹಳ್ಳಿಗಳ ಕನ್ನಡ, ಗಡಿಯಾಚೆಯ ಅಥಣಿ, ಕಾಗವಾಡಗಳ ಕನ್ನಡ. ಚಹಾದ ಗಾಡಿಯ ಮುಂದೆ ನಿಂತ ಕೆಲಸಗಾರನೊಬ್ಬ ತನ್ನ ಮೊಬೈಲಿನಲ್ಲಿ ಧಾರವಾಡ ಆಕಾಶವಾಣಿಯನ್ನು ಕೇಳಬಯಸಿದರೆ ಯಾರ ಅನುಮತಿಯೂ ಬೇಕಿಲ್ಲ. ಅಂತರಜಾಲದ ಸಂಪರ್ಕವಿದ್ದರೆ ಸಾಕು. ಐವತ್ತು ವರ್ಷಗಳ ಹಿಂದೆ ಅವನ ಅಜ್ಜ ಅದೇ ನಿಲಯವನ್ನು ಕೇಳಬೇಕಾಗಿದ್ದರೆ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ, ಸಾಮಾನ್ಯವಾಗಿ 15 ರೂಪಾಯಿ ಕಟ್ಟಿ, ರೇಡಿಯೊ ಪರವಾನಗಿಯ ಪುಸ್ತಿಕೆಯಲ್ಲಿ ಚೀಟಿ ಅಂಟಿಸಿಕೊಂಡು ಬರಬೇಕಾಗಿತ್ತು.

ಮೇಲುನೋಟಕ್ಕೆ ಇದು ನಿರ್ಬಂಧದಿಂದ ಸ್ವಾತಂತ್ರ್ಯದೆಡೆಗಿನ ನಡೆಯಂತೆ ಕಾಣುತ್ತದೆ. ಆದರೆ ಈ ಚರಿತ್ರೆಯನ್ನು ಗಡಿಭಾಗದ ಕೇಳುಗನ ಕಡೆಯಿಂದ ಓದಿದಾಗ ಬೇರೊಂದು ಚಿತ್ರ ಮೂಡುತ್ತದೆ. ಅಂದು ಪ್ರಭುತ್ವ ಪರವಾನಗಿ ಕೇಳುತ್ತಿದ್ದುದು ರೇಡಿಯೊ ಪೆಟ್ಟಿಗೆಗೆ. ಪೆಟ್ಟಿಗೆಯೊಳಗೆ ಬಂದ ದನಿ ಕೇಳುಗನದಾಗಿತ್ತು. ಇಂದು ಪೆಟ್ಟಿಗೆಯನ್ನು ಕೇಳುವವರಿಲ್ಲ, ಆದರೆ ದನಿಯೇ ಪರವಾನಗಿಗೆ ಒಳಪಟ್ಟಿದೆ. ಈ ಸ್ಥಾನಪಲ್ಲಟ ಭಾಷಿಕ ಅಲ್ಪಸಂಖ್ಯಾತರಿಗೆ ಏನನ್ನು ಕೊಟ್ಟಿತು, ಏನನ್ನು ಕಸಿದುಕೊಂಡಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೆಟ್ಟಿಗೆಗೆ ಪರವಾನಗಿ

ಬ್ರಿಟನ್ನಿನಲ್ಲಿ ಹತ್ತು ಶಿಲಿಂಗುಗಳ ಬಾನುಲಿ ಪರವಾನಗಿ 1922ರ ನವೆಂಬರಿನಲ್ಲಿ ಜಾರಿಗೆ ಬಂದಿತು. ಭಾರತದಲ್ಲಿ ಅದೇ ಮಾದರಿಯನ್ನು ಖಾಸಗಿ ಸಂಸ್ಥೆಯಾದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯೊಡನೆ ಪ್ರಯೋಗಿಸಲಾಯಿತು. 1927ರ ಜುಲೈ 23ರಂದು ಮುಂಬಯಿ ನಿಲಯ ಆರಂಭವಾದಾಗ ವಾರ್ಷಿಕ ಪರವಾನಗಿ ಶುಲ್ಕ 10 ರೂಪಾಯಿ. ಅದರಲ್ಲಿ ಶೇಕಡ 80 ಭಾಗ ಕಂಪನಿಗೆ ಸಲ್ಲುತ್ತಿತ್ತು. ಪರವಾನಗಿ ಪಡೆದವರು ಕೆಲವೇ ಸಾವಿರ ಮಂದಿ. ಪರವಾನಗಿಯಿಲ್ಲದೆ ಕೇಳುವವರು ಹೆಚ್ಚಿದ್ದರು, ಅವರನ್ನು ತಡೆಯುವ ಬಲವಾದ ಕಾನೂನು ಇರಲಿಲ್ಲ. ಕಂಪನಿ 1930ರಲ್ಲಿ ಮುಚ್ಚಿತು, ಸರ್ಕಾರ ಅದನ್ನು ವಹಿಸಿಕೊಂಡಿತು. 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆ ಪರವಾನಗಿಯಿಲ್ಲದೆ ರೇಡಿಯೊ ಇಟ್ಟುಕೊಳ್ಳುವುದನ್ನೇ ಅಪರಾಧವಾಗಿಸಿತು. ಗಮನಿಸಬೇಕಾದ ಪದ ‘ಇಟ್ಟುಕೊಳ್ಳುವುದು’. ಏನನ್ನು ಕೇಳಬೇಕೆಂಬುದನ್ನು ಈ ಕಾಯಿದೆ ಹೇಳಲಿಲ್ಲ. ಪರವಾನಗಿ ಪಡೆದ ಪೆಟ್ಟಿಗೆ ಯಾವ ನಿಲಯವನ್ನು ಹಿಡಿದೀತೋ ಅದೆಲ್ಲವೂ ಕೇಳುಗನ ಪಾಲಿಗೆ ತೆರೆದಿತ್ತು.

ಇದೇ ಹೊತ್ತಿಗೆ, 1935ರ ಸೆಪ್ಟೆಂಬರ್ 10ರಂದು, ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು. ಮುಂದೆ ಇಡೀ ದೇಶದ ಸಾರ್ವಜನಿಕ ಪ್ರಸಾರಕ್ಕೆ ಹೆಸರು ಕೊಟ್ಟದ್ದು ವ್ಯಕ್ತಿಯೊಬ್ಬರ ಉತ್ಸಾಹದಿಂದ ಹುಟ್ಟಿದ ಈ ಕನ್ನಡ ನಿಲಯ. ದನಿಯನ್ನು ಕಟ್ಟಿಹಾಕಲಾಗದು ಎಂಬ ಅರ್ಥ ಆ ಹೆಸರಿನಲ್ಲೇ ಇತ್ತು. 1952ರಲ್ಲಿ ಸಚಿವ ಬಿ. ವಿ. ಕೇಸ್ಕರ್ ಅವರ ನೀತಿಯಿಂದಾಗಿ ಚಿತ್ರಗೀತೆಗಳು ಆಕಾಶವಾಣಿಯಿಂದ ಮರೆಯಾದಾಗ ಕೇಳುಗರು ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಅವರ ಪರವಾನಗಿ ಪುಸ್ತಿಕೆ ಭಾರತ ಸರ್ಕಾರದ್ದು, ಕೇಳಿದ ಹಾಡು ಕೊಲಂಬೊದ್ದು. ಇದರಲ್ಲಿ ಕಾನೂನುಭಂಗವೇನೂ ಇರಲಿಲ್ಲ.

ಮಿರಜಿನ ಕಿವಿ, ಧಾರವಾಡದ ದನಿ

ಧಾರವಾಡ ನಿಲಯ 1950ರ ಜನವರಿ 8ರಂದು ಆರಂಭವಾಯಿತು. ಆಗ ಧಾರವಾಡವೂ ಮಿರಜವೂ ಮುಂಬಯಿ ಪ್ರಾಂತದಲ್ಲೇ ಇದ್ದವು. ಇನ್ನೂ ಹಿಂದಕ್ಕೆ ಹೋದರೆ ಸಾಂಗಲಿ ಸಂಸ್ಥಾನಕ್ಕೆ ಶಹಾಪುರ, ಶಿರಹಟ್ಟಿ, ತೇರದಾಳದಂಥ ಕನ್ನಡ ಪ್ರದೇಶಗಳು ಸೇರಿದ್ದವು. ಅಂದರೆ ಧಾರವಾಡದ ಬಾನುಲಿ ಮಿರಜಿನ ಕನ್ನಡಿಗನಿಗೆ ಹೊರಗಿನಿಂದ ಬಂದ ದನಿಯಾಗಿರಲಿಲ್ಲ, ಅವನದೇ ರಾಜ್ಯದ ದನಿಯಾಗಿತ್ತು. 1956ರ ನವೆಂಬರ್ 1ರಂದು ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು, ಮಿರಜ ಮುಂಬಯಿಯಲ್ಲೇ ಉಳಿಯಿತು. ಕಚೇರಿಯ ಕಾಗದಪತ್ರ, ಶಾಲೆಯ ಪಠ್ಯ, ನ್ಯಾಯಾಲಯದ ಭಾಷೆ ಎಲ್ಲವೂ ಗಡಿಗೆ ತಕ್ಕಂತೆ ಬದಲಾದವು. ಮಧ್ಯಮ ತರಂಗ ಮಾತ್ರ ಬದಲಾಗಲಿಲ್ಲ. ಅದು ನೆಲವನ್ನು ಅಪ್ಪಿಕೊಂಡು ಸಾಗುತ್ತದೆ, ಇರುಳಿನಲ್ಲಿ ಮೇಲಿನ ವಾತಾವರಣದಿಂದ ಪ್ರತಿಫಲಿಸಿ ಇನ್ನೂ ದೂರ ತಲಪುತ್ತದೆ.

ಅದೇ ವರ್ಷ ದ. ರಾ. ಬೇಂದ್ರೆಯವರು ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನ ಕನ್ನಡ ಪ್ರಾಧ್ಯಾಪಕ ಹುದ್ದೆಯಿಂದ ನಿವೃತ್ತರಾಗಿ ಧಾರವಾಡ ನಿಲಯದ ಸಲಹೆಗಾರರಾದರು. ಗಡಿಯ ಆ ಬದಿಯ ತರಗತಿಯಲ್ಲಿ ಹನ್ನೆರಡು ವರ್ಷ ಕನ್ನಡ ಕಲಿಸಿದ ಕವಿಯ ಊರು ಹೊಸ ನಕಾಶೆಯಲ್ಲಿ ಬೇರೆ ರಾಜ್ಯಕ್ಕೆ ಸೇರಿತು. ಸೊಲ್ಲಾಪುರ, ಜತ್ತ, ಮಿರಜಗಳ ಕೇಳುಗರಿಗೆ ಆ ನಿಲಯವೇ ಉಳಿದ ಕೊಂಡಿ. ಮಿರಜ ಸ್ವತಃ ಸಂಗೀತದ ಊರು. ಸಿತಾರು, ತಂಬೂರಿಗಳನ್ನು ಮಾಡುವ ಮನೆತನಗಳ ಊರು, ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು. ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ನಿಲಯಕ್ಕೂ ತಂಬೂರಿಯ ಈ ಊರಿಗೂ ಇದ್ದ ನಂಟು ರಾಜ್ಯ ಪುನರ್ವಿಂಗಡಣೆಗಿಂತ ಹಳೆಯದು.

1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ಮಹಾಮಂಡಳ ಸ್ಥಾಪನೆಯಾಯಿತು. ಮರುವರ್ಷವೇ ಸಾಂಗಲಿಯಲ್ಲಿ ಆಕಾಶವಾಣಿ ನಿಲಯ ಬಂದಿತು. ಒಂದು ಗಡಿಭಾಗದ ದುಡಿಮೆಯನ್ನು ರಾಜ್ಯದ ಚೌಕಟ್ಟಿಗೆ ತಂದಿತು, ಇನ್ನೊಂದು ಅಲ್ಲಿನ ಮರಾಠಿ ಕೇಳ್ಮೆಗೆ ನೆಲೆ ಒದಗಿಸಿತು. ಕನ್ನಡದ ಮನೆಯಲ್ಲಿ ಮುಳ್ಳು ಎರಡೂ ನಿಲಯಗಳ ನಡುವೆ ಓಡಾಡತೊಡಗಿತು. ಮಿರಜಿನ ಅಂಚೆ ಕಚೇರಿಯಲ್ಲಿ ಕಟ್ಟಿದ ಶುಲ್ಕಕ್ಕೆ ಭಾಷೆಯ ಭೇದವಿರಲಿಲ್ಲ. ಹಣ ಒಂದೇ ಬೊಕ್ಕಸಕ್ಕೆ ಹೋಗುತ್ತಿತ್ತು, ಎರಡೂ ದನಿಗಳು ಒಂದೇ ಪೆಟ್ಟಿಗೆಯಿಂದ ಬರುತ್ತಿದ್ದವು. ಕಾಸರಗೋಡಿನ ಕನ್ನಡಿಗರಿಗೆ 1976ರ ಡಿಸೆಂಬರಿನಲ್ಲಿ ಆರಂಭವಾದ ಮಂಗಳೂರು ನಿಲಯ ಒದಗಿಸಿದ ಆಸರೆಯೂ ಇದೇ ಬಗೆಯದು.

ಶುಲ್ಕ ಹೋದ ಮೇಲೆ

1980ರ ದಶಕದ ನಡುವಿನಲ್ಲಿ ರೇಡಿಯೊ ಮತ್ತು ದೂರದರ್ಶನ ಪರವಾನಗಿಗಳು ರದ್ದಾದವು. ಅಂಚೆ ಇಲಾಖೆಯ ತಪಾಸಣೆಗಾರ ಬಂದಾನೆಂಬ ಅಳುಕು ತಪ್ಪಿತು, ಬಡವನ ಮನೆಗೆ ಟ್ರಾನ್ಸಿಸ್ಟರ್ ನಿರಾತಂಕವಾಗಿ ಬಂದಿತು. ಅದನ್ನು ಯಾರೂ ಮರಳಿ ಬಯಸಲಾರರು. ಆದರೆ ಪರವಾನಗಿಯೊಂದಿಗೆ ಹೋದ ಇನ್ನೊಂದು ವಸ್ತುವಿದೆ. ಪುಸ್ತಿಕೆಯಲ್ಲಿ ಕೇಳುಗನ ಹೆಸರಿತ್ತು, ವಿಳಾಸವಿತ್ತು. ಸಾರ್ವಜನಿಕ ಪ್ರಸಾರಕ್ಕೆ ತಾನು ಹಣ ತೆತ್ತಿದ್ದೇನೆ ಎಂಬುದಕ್ಕೆ ಅವನಲ್ಲಿದ್ದ ಏಕೈಕ ದಾಖಲೆ ಅದು. ಮುಂದೆ ವೆಚ್ಚ ಸರ್ಕಾರದ ಅನುದಾನದಿಂದಲೂ ಜಾಹೀರಾತಿನಿಂದಲೂ ಬಂದಿತು. ಕೇಳುಗ ತೆರಿಗೆದಾರನೆಂಬ ಹೆಸರಿಲ್ಲದ ಸಮೂಹದಲ್ಲಿ ಕರಗಿಹೋದ.

ಅವನ ಹಕ್ಕನ್ನು ಆ ಬಳಿಕ ಕಾನೂನು ಬೇರೆ ಬಗೆಯಲ್ಲಿ ಹೇಳಿತು. 1995ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಂಗಾಳದ ಕ್ರಿಕೆಟ್ ಸಂಸ್ಥೆಯ ಮೊಕದ್ದಮೆಯಲ್ಲಿ ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. 1990ರಲ್ಲಿ ಅಂಗೀಕಾರವಾಗಿ 1997ರಲ್ಲಿ ಜಾರಿಯಾದ ಪ್ರಸಾರ ಭಾರತಿ ಕಾಯಿದೆಯ 12ನೆಯ ಕಲಂ ನಿಗಮದ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಗಡಿಪ್ರದೇಶಗಳಲ್ಲಿ ವಾಸಿಸುವವರ ಸೇವೆ, ಅಲ್ಪಸಂಖ್ಯಾತರ ವಿಶೇಷ ಅಗತ್ಯಗಳಿಗೆ ತಕ್ಕ ಕಾರ್ಯಕ್ರಮಗಳು, ಪ್ರತಿಯೊಂದು ರಾಜ್ಯದಲ್ಲಿ ಆ ರಾಜ್ಯದ ಭಾಷೆಗಳಲ್ಲಿ ಪ್ರಾದೇಶಿಕ ಪ್ರಸಾರ ಇವೆಲ್ಲವೂ ಅಲ್ಲಿವೆ. ‘ರಾಜ್ಯದ ಭಾಷೆಗಳು’ ಎಂಬ ಬಹುವಚನ ಮಿರಜ, ಜತ್ತಗಳ ಕನ್ನಡಕ್ಕೆ ಮುಖ್ಯವಾದದ್ದು. ಮಹಾರಾಷ್ಟ್ರದ ಭಾಷೆಗಳಲ್ಲಿ ಕನ್ನಡವೂ ಒಂದು ಎಂದು ಓದಲು ಅದು ಎಡೆಮಾಡಿಕೊಡುತ್ತದೆ.

ದನಿಗೆ ಬೀಗ

ಪರವಾನಗಿ ಶುಲ್ಕವಿನ್ನೂ ಉಳಿದಿದ್ದ ದೇಶದಲ್ಲಿ ಅಂತರಜಾಲದ ಕಾಲ ಹೇಗೆ ಬಂದಿತೆಂಬುದು ಇಲ್ಲಿ ಹೋಲಿಕೆಗೆ ಒದಗುತ್ತದೆ. 2007ರ ಜುಲೈನಲ್ಲಿ ಬಿಬಿಸಿ ತನ್ನ ಐಪ್ಲೇಯರನ್ನು ಪ್ರಾಯೋಗಿಕವಾಗಿ ಹೊರತಂದಾಗ ಅದು ವಿಂಡೋಸ್ ಎಕ್ಸ್‌ಪಿ ಇರುವ ಗಣಕಗಳಲ್ಲಿ ಮಾತ್ರ ನಡೆಯುತ್ತಿತ್ತು. ಇಳಿಸಿಕೊಂಡ ಕಾರ್ಯಕ್ರಮ ಡಿಜಿಟಲ್ ಹಕ್ಕು ನಿರ್ವಹಣೆಯ ಬೀಗಕ್ಕೊಳಪಟ್ಟು ಗರಿಷ್ಠ 30 ದಿನಗಳಲ್ಲಿ ತಾನಾಗಿ ನಿಷ್ಕ್ರಿಯವಾಗುತ್ತಿತ್ತು. ಬೇರೆ ಗಣಕವ್ಯವಸ್ಥೆಗಳ ಬಳಕೆದಾರರು ಪ್ರಧಾನಮಂತ್ರಿಗೆ ಮನವಿ ಸಲ್ಲಿಸಿದರು. ಪರವಾನಗಿ ಶುಲ್ಕ ತೆತ್ತವರು ನಾವೂ ಹೌದು, ನಮ್ಮನ್ನೇಕೆ ಹೊರಗಿಟ್ಟಿರಿ ಎಂಬುದು ಅವರ ವಾದದ ತಿರುಳು. ಅದೇ ವರ್ಷದ ಡಿಸೆಂಬರಿನಲ್ಲಿ ಜಾಲದ ಮೂಲಕ ನೇರ ವೀಕ್ಷಣೆ ಬಂದು ಆ ತಕರಾರು ಬಹುಮಟ್ಟಿಗೆ ತಣಿಯಿತು. 2016ರ ಸೆಪ್ಟೆಂಬರಿನಿಂದ ಐಪ್ಲೇಯರಿನ ಬಿಬಿಸಿ ಕಾರ್ಯಕ್ರಮಗಳನ್ನು ಬೇಡಿಕೆಯ ಮೇಲೆ ನೋಡುವುದಕ್ಕೂ ಪರವಾನಗಿ ಕಡ್ಡಾಯವಾಯಿತು. ಶುಲ್ಕ ಅಲ್ಲಿ ಹೊರೆಯೂ ಹೌದು, ಪ್ರಶ್ನಿಸುವ ಅಧಿಕಾರವೂ ಹೌದು.

2017ರ ಸೆಪ್ಟೆಂಬರ್ 18ರಂದು ವರ್ಲ್ಡ್ ವೈಡ್ ವೆಬ್ ಒಕ್ಕೂಟವು ಬೀಗದ ವ್ಯವಸ್ಥೆಯನ್ನು ಬ್ರೌಸರುಗಳ ಮಾನದಂಡದಲ್ಲೇ ಸೇರಿಸಿತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅದನ್ನು ವಿರೋಧಿಸಿ ಒಕ್ಕೂಟವನ್ನು ತೊರೆಯಿತು. ಜಾಲತಾಣ ಕಟ್ಟುವ ತಂತ್ರಜ್ಞನಿಗೆ ಬೀಗ ಹಾಕುವುದು ಅಂದಿನಿಂದ ವಿಶೇಷ ನಿರ್ಧಾರವಾಗಿ ಉಳಿಯಲಿಲ್ಲ. ಸಿದ್ಧವಾಗಿ ದೊರೆಯುವ ಆಯ್ಕೆಗಳಲ್ಲಿ ಅದೂ ಒಂದಾಯಿತು.

ಭಾರತದ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಂ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ಬೀಗವನ್ನು ಮುರಿಯುವವರಿಗೆ ಎರಡು ವರ್ಷಗಳವರೆಗಿನ ಸೆರೆಯನ್ನು ವಿಧಿಸುತ್ತದೆ. ಜೊತೆಗೇ, ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ವಿನಾಯಿತಿಯನ್ನೂ ಕೊಡುತ್ತದೆ. ಕಾನೂನಿಗೆ ಉದ್ದೇಶ ತಿಳಿಯುತ್ತದೆ, ಅವಧಿ ತಿಳಿಯುತ್ತದೆ. ಬೀಗಕ್ಕೆ ಅವೆರಡೂ ತಿಳಿಯವು. ಬೇಂದ್ರೆಯವರ ಬಾನುಲಿ ಭಾಷಣವೊಂದನ್ನು ಉದಾಹರಣೆಗೆ ಊಹಿಸೋಣ. 37ನೆಯ ಕಲಮಿನಂತೆ ಪ್ರಸಾರ ಸಂಸ್ಥೆಯ ಪುನರುತ್ಪಾದನಾ ಹಕ್ಕು ಪ್ರಸಾರದ ಮರುವರ್ಷದಿಂದ 25 ವರ್ಷ ಮಾತ್ರ, ಅದು ಎಂದೋ ತೀರಿದೆ. 1981ರಲ್ಲಿ ತೀರಿಕೊಂಡ ಕವಿಯ ಮಾತಿನ ಮೇಲಿನ ಸಾಹಿತ್ಯಿಕ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಆದರೂ ಸಂಶೋಧನೆಗಾಗಿ ಅದನ್ನು ಆಲಿಸಿ ಟಿಪ್ಪಣಿ ಮಾಡಿಕೊಳ್ಳಲು ಕಾಯಿದೆಯ ಅಡ್ಡಿಯಿಲ್ಲ. ಹೀಗೆ ಪದರ ಪದರವಾದ ಹಕ್ಕುಗಳನ್ನು ಬಿಡಿಸಿ ನೋಡುವುದು ನ್ಯಾಯಾಲಯಕ್ಕೆ, ಗ್ರಂಥಪಾಲಕನಿಗೆ ಸಾಧ್ಯ. ತಂತ್ರಾಂಶದ ಬೀಗ ತೆರೆದಿರುತ್ತದೆ ಅಥವಾ ಮುಚ್ಚಿರುತ್ತದೆ, ಅಷ್ಟೆ.

ಎರಡು ಡಿಆರ್‌ಎಂ

ಬಾನುಲಿಯ ಜಗತ್ತಿನಲ್ಲಿ ಡಿಆರ್‌ಎಂ ಎಂಬ ಸಂಕ್ಷೇಪಕ್ಕೆ ಎರಡು ಅರ್ಥಗಳಿವೆ. ಒಂದು ಮೇಲೆ ಹೇಳಿದ ಡಿಜಿಟಲ್ ಹಕ್ಕು ನಿರ್ವಹಣೆ. ಇನ್ನೊಂದು ಡಿಜಿಟಲ್ ರೇಡಿಯೊ ಮೊಂಡಿಯಾಲ್, ಅಂದರೆ ಮಧ್ಯಮ ತರಂಗದಲ್ಲೇ ಡಿಜಿಟಲ್ ದನಿಯನ್ನು ಕಳುಹಿಸುವ ವಿಧಾನ. ಆಕಾಶವಾಣಿ ಸುಮಾರು 35 ಪ್ರಸಾರಕಗಳನ್ನು ಇದಕ್ಕೆ ಸಜ್ಜುಗೊಳಿಸಿತು. 765 ಕಿಲೊಹರ್ಟ್ಸಿನ, 200 ಕಿಲೊವ್ಯಾಟ್ ಸಾಮರ್ಥ್ಯದ ಧಾರವಾಡವೂ ಅವುಗಳಲ್ಲೊಂದು. ಗಡಿಯನ್ನರಿಯದ ತರಂಗಕ್ಕೆ ಹೊಸ ಆಯುಸ್ಸು ಕೊಡಬಲ್ಲ ತಂತ್ರವಿದು. ಆದರೆ ಅದನ್ನು ಹಿಡಿಯುವ ರೇಡಿಯೊ ಸಾಮಾನ್ಯ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ವಸ್ತುವಾಗಲಿಲ್ಲ. ಕೇಳ್ಮೆ ಎಫ್‌ಎಂನೆಡೆಗೂ ಮೊಬೈಲಿನೆಡೆಗೂ ಸರಿಯಿತು. ಎಫ್‌ಎಂ ತರಂಗ ಹೆಚ್ಚುಕಡಿಮೆ ಕಣ್ಣಳತೆಯ ದೂರಕ್ಕೆ ಸೀಮಿತ, ಧಾರವಾಡದಿಂದ ಮಿರಜವನ್ನು ಮುಟ್ಟಲಾರದು. ಹಾಗಾಗಿ ಕುಪವಾಡದ ಕೇಳುಗನಿಗೆ ಅಂತರಜಾಲವೇ ದಾರಿ.

ಈ ದಾರಿಯ ಸ್ವಭಾವವನ್ನು ಅರಿಯಬೇಕು. ನೇರ ಪ್ರಸಾರಕ್ಕೆ ಜಾಲದಲ್ಲಿ ಬಳಕೆಯಲ್ಲಿರುವ ಪ್ರಧಾನ ವಿಧಾನವು ದನಿಯನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಒಂದರ ಹಿಂದೊಂದು ಕಳುಹಿಸುತ್ತದೆ. ಹೊಸ ತುಣುಕು ಸೇರಿದಂತೆ ಹಳೆಯದು ಪಟ್ಟಿಯಿಂದ ಕಳಚಿಕೊಳ್ಳುತ್ತದೆ. ಯಾರಾದರೂ ಪ್ರತ್ಯೇಕವಾಗಿ ಕಾಪಿಡದಿದ್ದರೆ ಅರ್ಧ ಗಂಟೆಯ ಹಿಂದಿನ ಮಾತು ಎಲ್ಲಿಯೂ ಉಳಿಯುವುದಿಲ್ಲ. 1980ರ ದಶಕದ ಕೇಳುಗ ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಕ್ಯಾಸೆಟ್ಟಿನಲ್ಲಿ ನಾಟಕವನ್ನೋ ಸಂಗೀತವನ್ನೋ ಹಿಡಿದಿಡಬಲ್ಲವನಾಗಿದ್ದ. ಸ್ವಂತ ಬಳಕೆಗೆ, ಬೋಧನೆಗೆ, ಸಂಶೋಧನೆಗೆ ಹಾಗೆ ಮುದ್ರಿಸಿಕೊಳ್ಳುವುದನ್ನು ಕೃತಿಸ್ವಾಮ್ಯ ಕಾಯಿದೆಯ 39ನೆಯ ಕಲಂ ಇಂದಿಗೂ ಪ್ರಸಾರ ಹಕ್ಕಿನ ಉಲ್ಲಂಘನೆಯೆಂದು ಎಣಿಸುವುದಿಲ್ಲ. ಕಾನೂನು ಉಳಿಸಿದ ಅವಕಾಶವನ್ನು ಸಾಧನ ಅಳಿಸುತ್ತಿದೆ. 2024ರ ನವೆಂಬರ್ 20ರಂದು ಪ್ರಸಾರ ಭಾರತಿ ಗೋವಾದಲ್ಲಿ ವೇವ್ಸ್ ಒಟಿಟಿಯನ್ನು ಆರಂಭಿಸಿತು. ಒಟಿಟಿ ಎಂಬುದು ಮೂಲತಃ ವಾಣಿಜ್ಯ ಸಂಸ್ಥೆಗಳು ಬೆಳೆಸಿದ ಮಾದರಿ. ಅಲ್ಲಿ ನೋಡುಗನು ಖಾತೆದಾರ, ಕೃತಿಯು ಅವಧಿಗೆ ಪಡೆದ ಸರಕು. ಸಾರ್ವಜನಿಕ ಸಂಸ್ಥೆ ಆ ರೂಪವನ್ನು ತಳೆದಾಗ ಅದರ ಹಳೆಯ ಅಭ್ಯಾಸಗಳೂ ಒಳಗೆ ಬರದಂತೆ ಎಚ್ಚರ ವಹಿಸಬೇಕಾಗುತ್ತದೆ.

ಬಹುಸಂಖ್ಯಾತರ ಭಾಷೆಗೆ ಇದರಿಂದಾಗುವ ನಷ್ಟ ಸಣ್ಣದು. ಅದಕ್ಕೆ ಪತ್ರಿಕೆಗಳಿವೆ, ವಿಶ್ವವಿದ್ಯಾಲಯಗಳಿವೆ, ಚಿತ್ರೋದ್ಯಮವಿದೆ. ಜತ್ತ, ಮಿರಜಗಳ ಕನ್ನಡಕ್ಕೆ ಬಾನುಲಿಯ ದನಿ ಶಾಲೆಯ ಹೊರಗೆ ಕೇಳುವ ಶಿಷ್ಟ ಕನ್ನಡವೂ ಹೌದು, ತನ್ನ ಉತ್ತರದ ಸೊಗಡಿಗೆ ಸಿಕ್ಕ ಮನ್ನಣೆಯೂ ಹೌದು. ಆ ದನಿಯ ದಾಖಲೆ ಇಲ್ಲದಿದ್ದರೆ ಗಡಿಯ ಕನ್ನಡದ ಇಪ್ಪತ್ತನೆಯ ಶತಮಾನವನ್ನು ಬರೆಯಲು ನಮಗೆ ಉಳಿಯುವುದು ಆಯೋಗಗಳ ವರದಿಗಳು ಮತ್ತು ಜನಗಣತಿಯ ಕೋಷ್ಟಕಗಳು.

ಪರವಾನಗಿ ಶುಲ್ಕ ಮರಳಿ ಬರಬೇಕೆಂಬುದು ಈ ಲೇಖನದ ವಾದವಲ್ಲ. ಆ ಪುಸ್ತಿಕೆಯಲ್ಲಿ ಅಡಗಿದ್ದ ಸಂಬಂಧ, ಅಂದರೆ ಪ್ರಸಾರ ಸಂಸ್ಥೆ ಹೆಸರುಳ್ಳ ಕೇಳುಗನಿಗೆ ಉತ್ತರಿಸಬೇಕೆಂಬ ಭಾವ, ಜಾಲದ ಕಾಲದಲ್ಲೂ ಉಳಿಯಬೇಕು. ಅವಧಿ ತೀರಿದ ಪ್ರಸಾರಗಳಿಗೆ ಬೀಗ ಹಾಕದಿರುವುದು, ಧ್ವನಿಭಂಡಾರಗಳ ಸೂಚಿಯನ್ನು ಕನ್ನಡ ಲಿಪಿಯಲ್ಲಿ ಶೋಧಿಸಲು ಬರುವಂತೆ ಪ್ರಕಟಿಸುವುದು, ರಾಜ್ಯದ ಹೊರಗಿನ ಸಂಶೋಧಕನಿಗೂ ಆಲಿಸುವ ಅವಕಾಶ ಕಲ್ಪಿಸುವುದು, ಇವು ಮೂರೂ 12ನೆಯ ಕಲಮಿನ ಕರ್ತವ್ಯಗಳಿಂದಲೇ ಹೊಮ್ಮುವ ಬೇಡಿಕೆಗಳು. ನಮ್ಮ ಕಡೆಯಿಂದ ಮಾಡಬೇಕಾದದ್ದೂ ಇದೆ. ಗಡಿಭಾಗದ ಮನೆಗಳ ಅಟ್ಟದ ಮೇಲೆ ಉಳಿದಿರಬಹುದಾದ ಕ್ಯಾಸೆಟ್ಟುಗಳ ಪಟ್ಟಿಯನ್ನಂತೂ ಈಗಲೇ ತೆಗೆಯಬೇಕು. ಕಾಂತಪಟ್ಟಿ ಕಾಯಿದೆಯ ತಿದ್ದುಪಡಿಗಾಗಿ ಕಾಯುವುದಿಲ್ಲ, ಪ್ರತಿ ಮಳೆಗಾಲದಲ್ಲೂ ಅದರ ಒಂದಿಷ್ಟು ದನಿ ಮಾಸುತ್ತಿರುತ್ತದೆ.