ಸಂಚಕಾರ ಕೊಟ್ಟ ಮೇಲೆ

ಮದುವೆ ಹಾಲಿಗೆ ಮೊದಲು ಕಟ್ಟುವ ದುಡ್ಡಿಗೆ ಈಗ ಎಲ್ಲರೂ ‘ಅಡ್ವಾನ್ಸ್’ ಎನ್ನುತ್ತೇವೆ. ಹೈದರಾಬಾದಿನ ಉರ್ದುವಿನಲ್ಲಿ ಅದು ‘ಬಯಾನಾ’, ತೆಲುಗಿನಲ್ಲಿ ‘ಸಂಚಕರುವು’, ಹಳೆಯ ಕನ್ನಡ ವ್ಯವಹಾರದಲ್ಲಿ ‘ಸಂಚಕಾರ’. ಮಾತು ಗಟ್ಟಿಯಾಯಿತು ಎಂದು ಕೈಗಿಡುವ ಹಣ. ಅದೇ ಪದ ಕನ್ನಡದಲ್ಲಿ ‘ಜೀವಕ್ಕೆ ಸಂಚಕಾರ’ ಎನ್ನುವಾಗ ಅಪಾಯವನ್ನೂ ಸೂಚಿಸುತ್ತದೆ. ಫಂಕ್ಷನ್ ಹಾಲಿನ ರಸೀದಿಯ ಹಿಂದಿರುವ ಸಣ್ಣ ಅಕ್ಷರಗಳನ್ನು ಓದಿದವರಿಗೆ ಈ ಎರಡು ಅರ್ಥಗಳು ಬಹಳ ದೂರ ಅನ್ನಿಸಲಾರವು. ‘ಕಟ್ಟಿದ ಮುಂಗಡ ಯಾವ ಕಾರಣಕ್ಕೂ ವಾಪಸಿಲ್ಲ’ ಎಂಬ ಸಾಲು ಅಲ್ಲಿ ಇದ್ದೇ ಇರುತ್ತದೆ.

ಮದುವೆ ಮನೆಯಂಗಳದಲ್ಲಿ ಆಗುತ್ತಿದ್ದಾಗ ಈ ಸಾಲಿಗೆ ಕೆಲಸವಿರಲಿಲ್ಲ. ಮನೆಯ ಮುಂದೆ ಚಪ್ಪರ, ಅದು ಸಾಲದಿದ್ದರೆ ಗಲ್ಲಿಗೆ ಅಡ್ಡಲಾಗಿ ಶಾಮಿಯಾನ. ಮುಹೂರ್ತ ಮುಂದೆ ಹೋದರೆ ಅಡುಗೆಯವರಿಗೊಂದು ಮಾತು, ಶಾಮಿಯಾನದವರಿಗೊಂದು ಮಾತು, ಅಷ್ಟೆ. ಅಂಗಳಗಳ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ ಕಾಚಿಗುಡದ ಕನ್ನಡದ ಮನೆಗಳಿಗೂ, ಚಾರ್‌ಮಿನಾರಿನಾಚೆಯ ಮನೆಗಳಿಗೂ ಬಾಡಿಗೆಯ ಸೂರೇ ಗತಿಯಾಯಿತು. ಹಾಲಿನ ಮಾಲೀಕರು ಮಾರುವ ಸರಕು ತಾರೀಖು. ಆಷಾಢದಲ್ಲಿ ಲಗ್ನವಿಲ್ಲ, ಮೊಹರಂನಲ್ಲಿ ನಿಕಾಹ್ ಇಟ್ಟುಕೊಳ್ಳುವವರು ಕಡಿಮೆ. ವೈಶಾಖದ ಒಂದು ಒಳ್ಳೆಯ ದಿನಕ್ಕೆ ಮಾತ್ರ ಹತ್ತು ಮನೆಯವರ ಪೈಪೋಟಿ. ಆ ದಿನ ಹಾಲು ಖಾಲಿ ಉಳಿದರೆ, ಹೊರಟುಹೋದ ಬಸ್ಸಿನ ಖಾಲಿ ಸೀಟಿನಂತೆ, ಮತ್ತೆ ಮಾರಲಾಗದು. ಮಾಲೀಕರ ಹಟವೆಲ್ಲ ದುರಾಸೆ ಎಂದರೆ ತಪ್ಪಾಗುತ್ತದೆ.

ಗೊತ್ತಾದ ದಿನಕ್ಕೆ ಒಂದು ಜಾಗ ಹಿಡಿದು, ಆ ದಿನವೇ ಕೈಕೊಟ್ಟರೆ ನಷ್ಟ ಯಾರದು? ಈ ಪ್ರಶ್ನೆಯ ಮೇಲೆ ಬಂದ ದೊಡ್ಡ ತೀರ್ಪುಗಳಲ್ಲಿ ಒಂದು ಲಂಡನ್ನಿನ ಒಂದು ಹಾಲಿನದೇ. 1861ರಲ್ಲಿ ಟೇಲರ್ ಎಂಬವರು ಸರ್ರೆ ಗಾರ್ಡನ್ಸ್‌ನ ಸಂಗೀತ ಸಭಾಂಗಣವನ್ನು ನಾಲ್ಕು ದಿನಗಳಿಗೆ, ದಿನಕ್ಕೆ 100 ಪೌಂಡಿನಂತೆ ಗೊತ್ತುಮಾಡಿದ್ದರು. ಮೊದಲ ಕಛೇರಿ ಜೂನ್ 17ಕ್ಕೆ. 11ರಂದು ಹಾಲು ಸುಟ್ಟುಹೋಯಿತು. ಯಾರ ತಪ್ಪೂ ಇಲ್ಲದೆ ಜಾಗವೇ ನಾಶವಾದರೆ ಇಬ್ಬರೂ ಕರಾರಿನಿಂದ ಬಿಡುಗಡೆ ಎಂದು 1863ರಲ್ಲಿ ನ್ಯಾಯಾಲಯ ಹೇಳಿತು.

ನನಗೆ ಇದಕ್ಕಿಂತ ಇಷ್ಟವಾಗುವುದು 1902ರ ಮೊಕದ್ದಮೆ. ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕದ ಮೆರವಣಿಗೆ ನೋಡಲು ಹೆನ್ರಿ ಎಂಬಾತ ಪಾಲ್‌ಮಾಲ್ ಬೀದಿಯ ಕೋಣೆಗಳನ್ನು ಎರಡು ದಿನದ ಮಟ್ಟಿಗೆ 75 ಪೌಂಡಿಗೆ ಹಿಡಿದು, 25 ಮುಂಗಡ ಕೊಟ್ಟ. ದೊರೆಗೆ ಅಪೆಂಡಿಸೈಟಿಸ್ ಆಯಿತು, ಮೆರವಣಿಗೆ ನಿಂತಿತು. ಕೋಣೆಗೇನೂ ಆಗಿರಲಿಲ್ಲ, ಕಿಟಕಿ ಅಲ್ಲೇ ಇತ್ತು. ಅವರ ಕರಾರಿನ ಪತ್ರಗಳಲ್ಲಿ ಮೆರವಣಿಗೆಯ ಮಾತೇ ಇರಲಿಲ್ಲ. ಆದರೂ ಅದಕ್ಕಾಗಿಯೇ ಕೋಣೆ ಹಿಡಿದದ್ದು ಇಬ್ಬರಿಗೂ ತಿಳಿದಿತ್ತು ಎಂದು ನ್ಯಾಯಾಲಯ ಬಾಕಿ 50 ಪೌಂಡನ್ನು ಮನ್ನಿಸಿತು. ಮುಂಗಡ ಮರಳಿ ಕೊಡಿಸಲಿಲ್ಲ. ಹೆನ್ರಿ ಆ ಬೇಡಿಕೆಯನ್ನೇ ಕೈಬಿಟ್ಟಿದ್ದ. ಕೊಟ್ಟದ್ದು ಕೊಟ್ಟಂತೆಯೇ ಎಂಬ ಆ ನಿಯಮವನ್ನು ಇಂಗ್ಲೆಂಡ್ ತಳ್ಳಿಹಾಕಿದ್ದು 1942ರಲ್ಲಿ.

ನಮ್ಮ 1872ರ ಕರಾರು ಕಾಯಿದೆ ಆ ಹೊತ್ತಿಗೆ ಎಪ್ಪತ್ತು ವರ್ಷ ಮುಂದಿತ್ತು. 56ನೇ ಕಲಮಿನ ಪ್ರಕಾರ ಆಗದ ಕೆಲಸದ ಕರಾರು ಶೂನ್ಯ. 65ನೇ ಕಲಮಿನ ಪ್ರಕಾರ ಅಂಥ ಕರಾರಿನಲ್ಲಿ ಪಡೆದದ್ದನ್ನು ಹಿಂದಿರುಗಿಸಬೇಕು. ಉದಾಹರಣೆಗಳನ್ನು ಬರೆದವರಿಗೆ ಮದುವೆಯೂ ಹಾಡೂ ನೆನಪಿದ್ದವು. ಮದುವೆಗೆ ಮೊದಲು ಇಬ್ಬರಲ್ಲಿ ಒಬ್ಬರಿಗೆ ಹುಚ್ಚು ಹಿಡಿದರೆ ಏನು, ಸಾವಿರ ರೂಪಾಯಿ ಮುಂಗಡ ಪಡೆದ ಗಾಯಕ ಕಾಯಿಲೆ ಬಿದ್ದರೆ ಏನು ಎಂದು ಅದರಲ್ಲೇ ಇದೆ. ಗಾಯಕ ಸಾವಿರವನ್ನು ಮರಳಿಸಬೇಕು, ಸಂಘಟಕರ ಕೈತಪ್ಪಿದ ಲಾಭವನ್ನು ತುಂಬಿಕೊಡಬೇಕಾಗಿಲ್ಲ. ನಿಜಾಮರ ಸಂಸ್ಥಾನದಲ್ಲಿ ಬೇರೆ ಕಾನೂನು ನಡೆಯುತ್ತಿತ್ತು. ಹೈದರಾಬಾದಿಗೂ, ಆಗ ಅದರೊಳಗಿದ್ದ ಬೀದರ್, ಕಲಬುರಗಿ, ರಾಯಚೂರಿಗೂ ಈ ಕಾಯಿದೆ ಬಂದದ್ದು 1951ರ ಏಪ್ರಿಲ್ 1ರಿಂದ.

ಕೊಟ್ಟವರೇ ಮಾತು ತಪ್ಪಿದಾಗ ಸಂಗತಿ ಬೇರೆ. ಆಗ 74ನೇ ಕಲಮು ಬರುತ್ತದೆ. 1963ರ ಫತೇಹ್‌ಚಂದ್ ಪ್ರಕರಣದಲ್ಲಿ ದೆಹಲಿಯ ಬಂಗಲೆಯೊಂದಕ್ಕೆ ಕೊಟ್ಟ 25,000 ರೂಪಾಯಿಯನ್ನೂ ಮುಟ್ಟುಗೋಲು ಹಾಕಿಕೊಳ್ಳುವುದಾಗಿ ಮಾರುವವರು ಹೇಳಿದ್ದರು. ನಿಜವಾದ ಸಂಚಕಾರ 1,000 ಮಾತ್ರ, ಉಳಿದ 24,000 ದಂಡದ ಬಾಬತ್ತು, ಅದಕ್ಕೆ ತಕ್ಕ ನಷ್ಟ ಕಾಣಬೇಕು ಎಂದಿತು ಸುಪ್ರೀಂ ಕೋರ್ಟ್. ರಸೀದಿಯಲ್ಲಿ ಏನೇ ಅಚ್ಚಾಗಿದ್ದರೂ ಕಟ್ಟಿದ್ದೆಲ್ಲವೂ ತನ್ನಷ್ಟಕ್ಕೆ ಮಾಲೀಕರದಾಗುವುದಿಲ್ಲ. ಇದು ಕೌಂಟರಿನಲ್ಲಿ ಕೂತು ಚೌಕಾಸಿ ಮಾಡುವ ಹೆಣ್ಣಿನ ಕಡೆಯ ಹಿರಿಯರಿಗೆ ತಿಳಿದಿರುವುದು ಅಪರೂಪ. ಅವರು ಬಾಡಿಗೆಯಲ್ಲಿ ಐದು ಸಾವಿರ ಇಳಿಸಿ ಗೆದ್ದೆವೆಂದು ಏಳುತ್ತಾರೆ. ಜನರೇಟರ್, ಸ್ವಚ್ಛತೆ, ‘ನಮ್ಮ ಡೆಕೋರೇಷನ್‌ನವರೇ ಆಗಬೇಕು’ ಎಂಬ ಷರತ್ತು, ಇವೆಲ್ಲ ಆಮೇಲೆ ಬಿಲ್ಲಿನಲ್ಲಿ ಕಾಣುತ್ತವೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾದಾಗ ಹಳೆಯ ಪ್ರಶ್ನೆ ದೇಶದ ಎಲ್ಲ ಹಾಲುಗಳ ಬಾಗಿಲಿಗೂ ಬಂತು. ಹಾಲೇ ಮುಚ್ಚಿದ್ದ ದಿನಗಳ ಲೆಕ್ಕ ಸುಲಭ: 56, 65. ಕಷ್ಟವಾದದ್ದು ಆಮೇಲೆ, ಅತಿಥಿಗಳು 50 ಮೀರಬಾರದೆಂಬ ಮಿತಿಯೊಂದಿಗೆ ಮದುವೆಗೆ ಅನುಮತಿ ಸಿಕ್ಕಾಗ. ‘ಹಾಲು ಸಿದ್ಧವಿದೆ, ಬನ್ನಿ’ ಎಂದರು ಮಾಲೀಕರು. ‘ಐನೂರು ಜನರ ರಿಸೆಪ್ಷನ್‌ಗೆ ಹಿಡಿದದ್ದು, ಐವತ್ತು ಜನಕ್ಕೆ ನಮ್ಮ ಮನೆಯ ಟೆರೇಸೇ ಸಾಕಿತ್ತು’ ಎಂದರು ಮನೆಯವರು. ಕಿಟಕಿ ಇದೆ, ಮೆರವಣಿಗೆ ಇಲ್ಲ. ರಸೀದಿಯಲ್ಲಿ ‘ಫಂಕ್ಷನ್’ ಎಂದಷ್ಟೇ ಇದ್ದವರು, ‘ರಿಸೆಪ್ಷನ್, 500 ಊಟ’ ಎಂದು ಬರೆಸಿಕೊಂಡವರಿಗಿಂತ ಹೆಚ್ಚು ವಾದಿಸಬೇಕಾಯಿತು. ಕರಾರಿನಲ್ಲೇ ಇಂಥ ವಿಪತ್ತಿಗೊಂದು ಷರತ್ತಿದ್ದರೆ ಮೊದಲು ನೋಡುವುದು ಅದನ್ನೇ. ಹಾಗಾಗಿ ‘ವಿಪತ್ತಿನಲ್ಲಿ ದಿನ ಬದಲಾವಣೆ ಮಾತ್ರ’ ಎಂಬ ಸಾಲಿಗೆ ಸಹಿ ಹಾಕುವ ಮುಂಚೆ, ಹೊಸ ದಿನವನ್ನು ಆರಿಸುವವರು ಯಾರು, ಬಾಡಿಗೆ ಹಳೆಯದೋ ಹೊಸದೋ ಎಂದು ಕೇಳುವುದು ವಾಸಿ.

ಕೇಳಿ ಬರೆಸಿಕೊಳ್ಳಬಹುದಾದ ಇನ್ನೊಂದು ಸಾಲಿದೆ: ನಾವು ಬಿಟ್ಟ ದಿನಕ್ಕೆ ಬೇರೆಯವರು ಬಂದರೆ, ಸಣ್ಣದೊಂದು ಮೊತ್ತ ಹಿಡಿದು ಉಳಿದ ಮುಂಗಡ ವಾಪಸ್. ನಿಜವಾದ ನಷ್ಟವನ್ನೇ ಕೇಳುವ ಈ ಸಾಲಿಗೆ ಇಲ್ಲವೆನ್ನಲು ಮಾಲೀಕರಿಗೆ ಒಳ್ಳೆಯ ಕಾರಣ ಸಿಗುವುದಿಲ್ಲ. ಬೇರೆಯವರು ಬಂದರೋ ಇಲ್ಲವೋ ಎಂದು ಅವರ ಪುಸ್ತಕವನ್ನೇ ಕೇಳಬೇಕಾಗಿಲ್ಲ. ಆ ಸಂಜೆ ಹಾಲಿನ ಮುಂದೆ ಹೋದರೆ ಗೇಟಿನ ಮೇಲೆ, ಸೀರಿಯಲ್ ಲೈಟಿನ ನಡುವೆ, ಹೂವಿನಲ್ಲಿ ಬರೆದ ಇನ್ನೊಂದು ಜೋಡಿಯ ಹೆಸರು ಕಾಣುತ್ತದೆ.