ಅಗಲ ಚಕ್ರಕ್ಕೆ ಸ್ಪೇಸರ್: ಕೊಳ್ಳುವ ಮುನ್ನ ಅಳೆಯಬೇಕಾದದ್ದು

ಹಾಸನ ಮತ್ತು ಸಕಲೇಶಪುರದ ನಡುವೆ ರಾಷ್ಟ್ರೀಯ ಹೆದ್ದಾರಿ 75ರ ಮೇಲಿರುವ ಬಾಳ್ಳುಪೇಟೆಯ ಬಳಿ ಬಯಲಿನ ನೇರ ರಸ್ತೆ ಮಲೆನಾಡಿನ ರಸ್ತೆಯಾಗಿ ಮಾರ್ಪಡುತ್ತದೆ. ಇಲ್ಲಿಂದ ಪಶ್ಚಿಮಕ್ಕೆ ಸಕಲೇಶಪುರ, ಮಾರನಹಳ್ಳಿ, ಅದರಾಚೆ ಶಿರಾಡಿ ಘಾಟಿಯ ತಿರುವುಗಳು. ಹೆದ್ದಾರಿ ಬಿಟ್ಟು ಹೊರಳಿದರೆ ಕಾಫಿ ತೋಟಗಳ ಕಲ್ಲುಮಣ್ಣಿನ ದಾರಿಗಳು. ನಗರಗಳಿಂದ ಈ ಕಡೆಗೆ ಬರುವ ಕಾರುಗಳಲ್ಲಿ ಮೂಲ ಚಕ್ರಗಳನ್ನು ಕಳಚಿ ಅಗಲವಾದ ಅಲಾಯ್ ಚಕ್ರ ತೊಡಿಸಿಕೊಂಡವೂ ಇರುತ್ತವೆ. ಕೆಲವದರಲ್ಲಿ ಹಬ್ ಮತ್ತು ಚಕ್ರದ ನಡುವೆ ‘ವೀಲ್ ಸ್ಪೇಸರ್’ ಎಂಬ ಲೋಹದ ಬಿಲ್ಲೆಯೂ ಇರುತ್ತದೆ. ನಗರದೊಳಗೆ ಗಮನಕ್ಕೇ ಬಾರದ ಈ ಬಿಲ್ಲೆಯ ದೋಷಗಳು ಬಯಲಾಗುವುದು ಇಂತಹ ರಸ್ತೆಗಳಲ್ಲೇ.

ಸ್ಪೇಸರ್‌ನ ಕೆಲಸ ಒಂದೇ: ಚಕ್ರವನ್ನು ಹೊರಕ್ಕೆ ತಳ್ಳುವುದು. ಚಕ್ರದ ಅಗಲದ ನಡುಗೆರೆಗೂ ಅದು ಹಬ್‌ಗೆ ತಾಗುವ ಮೈಗೂ ಇರುವ ಅಂತರವನ್ನು ‘ಆಫ್‌ಸೆಟ್’ ಎನ್ನುತ್ತಾರೆ. ಚಕ್ರದ ಮೇಲೆ ‘ಇಟಿ 45’ ಎಂದು ಅಚ್ಚಾಗಿದ್ದರೆ ಆ ಅಂತರ 45 ಮಿ.ಮೀ. 15 ಮಿ.ಮೀ. ಸ್ಪೇಸರ್ ಹಾಕಿದೊಡನೆ ಅದು 30ಕ್ಕೆ ಇಳಿಯುತ್ತದೆ.

ಹೆಚ್ಚಿನವರು ಮರೆಯುವುದು ಅಗಲದ ಲೆಕ್ಕವನ್ನು. 5 ಅಂಗುಲ ಅಗಲದ, ಇಟಿ 45ರ ಮೂಲ ಚಕ್ರದ ಬದಲು 6.5 ಅಂಗುಲದ, ಅದೇ ಇಟಿ 45ರ ಚಕ್ರ ಕೂರಿಸಿದರೆ ಒಟ್ಟು ಅಗಲ 38 ಮಿ.ಮೀ. ಹೆಚ್ಚುತ್ತದೆ. ಇದರಲ್ಲಿ 19 ಮಿ.ಮೀ. ಒಳಕ್ಕೆ, 19 ಮಿ.ಮೀ. ಹೊರಕ್ಕೆ. ಒಳಗಡೆ ಸಸ್ಪೆನ್ಷನ್ ಕಂಬಕ್ಕೆ ಟೈರು ಉಜ್ಜುತ್ತಿದ್ದರೆ 5 ಮಿ.ಮೀ. ಸ್ಪೇಸರ್ ಅದನ್ನು ಬಿಡಿಸೀತು. ಆದರೆ ಹೊರಚಾಚು 24 ಮಿ.ಮೀ. ಆಗುತ್ತದೆ. ಆಳುಗಳನ್ನೂ ಮೂಟೆಗಳನ್ನೂ ತುಂಬಿಕೊಂಡು ಹಿಂಭಾಗ ಕುಸಿದ ವಾಹನದಲ್ಲಿ ಈ ಹೊರಚಾಚು ಟೈರನ್ನು ಚಕ್ರಕವಚದ ಅಂಚಿಗೆ ಕೊಯ್ಯಿಸುತ್ತದೆ. ಆದ್ದರಿಂದ ಅಳತೆಯನ್ನು ಖಾಲಿ ಕಾರಿನಲ್ಲಲ್ಲ, ಪೂರ್ಣ ಭಾರ ಹೇರಿ, ಸ್ಟೀರಿಂಗನ್ನು ಎರಡೂ ಬದಿಗೆ ಕೊನೆಯವರೆಗೆ ತಿರುಗಿಸಿ ನೋಡಬೇಕು.

ಸರಿಯಾದ ಆಫ್‌ಸೆಟ್‌ನ ಚಕ್ರ ದೊರೆಯುವುದಾದರೆ ಸ್ಪೇಸರ್‌ನ ಅಗತ್ಯವೇ ಬೀಳದು. ಚಕ್ರದ ಕಡ್ಡಿಗಳು ಬ್ರೇಕ್ ಕ್ಯಾಲಿಪರ್‌ಗೆ ತಾಗುತ್ತಿದ್ದರೆ ಅಥವಾ ಟೈರು ಒಳಗಡೆ ಉಜ್ಜುತ್ತಿದ್ದರೆ ಮಾತ್ರ ಅದಕ್ಕೆ ಸಮರ್ಥನೆಯುಂಟು. ಕಾರು ‘ಮೈತುಂಬಿ’ ಕಾಣಲಿ ಎಂಬುದು ಸಮರ್ಥನೆಯಲ್ಲ.

ಒಂದೇ ಪಿಸಿಡಿ, ಬೇರೆ ಬೇರೆ ಹಬ್

ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ಪಿಸಿಡಿ, ಅಂದರೆ ಸ್ಟಡ್‌ಗಳು ಕುಳಿತಿರುವ ವೃತ್ತದ ವ್ಯಾಸ. ಅದೊಂದೇ ಸಾಲದು. ಮಾರುತಿ ಸ್ವಿಫ್ಟ್‌ಗೂ ಹೋಂಡಾ ಸಿಟಿಗೂ ಪಿಸಿಡಿ ಒಂದೇ, ನಾಲ್ಕು ಸ್ಟಡ್, 100 ಮಿ.ಮೀ. ಆದರೆ ಹಬ್‌ನ ನಡುಗುಂಡಿನ ವ್ಯಾಸ ಸ್ವಿಫ್ಟ್‌ನಲ್ಲಿ 54.1 ಮಿ.ಮೀ., ಸಿಟಿಯಲ್ಲಿ 56.1 ಮಿ.ಮೀ. ಸಿಟಿಯ ಸ್ಪೇಸರ್ ಸ್ವಿಫ್ಟ್‌ನ ಹಬ್ ಮೇಲೆ ಸಲೀಸಾಗಿ ಕೂರುತ್ತದೆ, ನಡುವೆ 2 ಮಿ.ಮೀ. ಸಡಿಲ ಉಳಿಸಿಕೊಂಡು. ಚಕ್ರ ನಟ್ಟನಡುವೆ ನಿಲ್ಲದೆ ಹೆದ್ದಾರಿಯ ವೇಗದಲ್ಲಿ ಸ್ಟೀರಿಂಗ್ ನಡುಗಲು ಇಷ್ಟು ಸಾಕು. ಎರಡರ ಸ್ಟಡ್‌ಗಳೂ 12 ಮಿ.ಮೀ. ದಪ್ಪದವೇ, ಆದರೆ ಮರೆಯ ಅಂತರ ಸುಜುಕಿಯಲ್ಲಿ 1.25, ಹೋಂಡಾದಲ್ಲಿ 1.5 ಮಿ.ಮೀ. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲವಂತದಿಂದ ತಿರುಗಿಸಿದರೆ ಮರೆ ಹಾಳಾಗುತ್ತದೆ.

ಆದ್ದರಿಂದ ‘ಹಬ್‌ಸೆಂಟ್ರಿಕ್’ ಸ್ಪೇಸರನ್ನೇ ಕೇಳಿ ಪಡೆಯಬೇಕು. ಇದರ ಒಳರಂಧ್ರ ಹಬ್‌ಗೆ ಬಿಗಿಯಾಗಿ ಹೊಂದುತ್ತದೆ. ಹೊರಮೈಯಲ್ಲಿರುವ ಏರುಅಂಚು ಚಕ್ರದ ನಡುರಂಧ್ರವನ್ನು ಹಿಡಿಯುತ್ತದೆ. ಜಿಪ್ಸಿ, ಜಿಮ್ನಿಗಳಲ್ಲಿ ಐದು ಸ್ಟಡ್, 139.7 ಮಿ.ಮೀ. ಪಿಸಿಡಿ, ನಡುಗುಂಡು ಸುಮಾರು 108 ಮಿ.ಮೀ. ಹಲವು ಪಿಸಿಡಿಗಳಿಗೆ ಹೊಂದುವಂತೆ ಉದ್ದುದ್ದ ರಂಧ್ರ ಕೊರೆದ ಸರ್ವೋಪಯೋಗಿ ಬಿಲ್ಲೆಗಳನ್ನು ಘಾಟಿ ರಸ್ತೆಗೆ ನಂಬಲಾಗದು.

3ರಿಂದ 5 ಮಿ.ಮೀ.ನ ತೆಳು ಬಿಲ್ಲೆಗಳು ಮೂಲ ಸ್ಟಡ್‌ಗಳ ಮೇಲೆಯೇ ಕೂರುತ್ತವೆ. ಆಗ ನಟ್ಟು ಎಷ್ಟು ಸುತ್ತು ಹಿಡಿಯುತ್ತದೆಂದು ಎಣಿಸಬೇಕು. 1.5ರ ಮರೆಗೆ ಕನಿಷ್ಠ 8, 1.25ರ ಮರೆಗೆ 10 ಸುತ್ತು ಬೇಕು. ಕಡಿಮೆಯಾದರೆ ಉದ್ದನೆಯ ಸ್ಟಡ್ ಹಾಕಿಸಬೇಕು, ಇಲ್ಲವೇ ಬಿಲ್ಲೆಯನ್ನು ಕೈಬಿಡಬೇಕು. 20 ಮಿ.ಮೀ. ದಾಟಿದವು ತಾವೇ ಹಬ್‌ಗೆ ಬಿಗಿದುಕೊಂಡು, ಚಕ್ರಕ್ಕೆ ತಮ್ಮದೇ ಸ್ಟಡ್ ಒದಗಿಸುತ್ತವೆ. ಇವುಗಳ ಲೋಹ 6061-ಟಿ6 ಅಥವಾ 7075 ದರ್ಜೆಯ ಅಲ್ಯೂಮಿನಿಯಂ ಆಗಿರಲಿ. ಎರಕ ಹೊಯ್ದ ಅಗ್ಗದ ಬಿಲ್ಲೆ ಬಿರುಕು ಬಿಡಬಹುದು.

ಮಳೆ, ಘಾಟಿ, ಬೇರಿಂಗ್

ಚಕ್ರ ಹೊರಸರಿದಷ್ಟೂ ಸ್ಟೀರಿಂಗ್ ತಿರುಗುವ ಅಕ್ಷಕ್ಕೂ ಟೈರು ನೆಲ ಮುಟ್ಟುವ ಮಧ್ಯಬಿಂದುವಿಗೂ ಇರುವ ಅಂತರ ಬದಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಒಂದು ಚಕ್ರ ಡಾಂಬರಿನ ಮೇಲೂ ಇನ್ನೊಂದು ಅಂಚಿನ ಕೆಸರಿನಲ್ಲೂ ಇರುವಾಗ ಬ್ರೇಕ್ ಒತ್ತಿದರೆ ಸ್ಟೀರಿಂಗ್ ಒಂದು ಬದಿಗೆ ಎಳೆಯುವುದು ಇದರಿಂದಲೇ. ಹೊರಸರಿದ ಭಾರ ಚಕ್ರದ ಬೇರಿಂಗನ್ನು ಹೆಚ್ಚು ಬಾಗಿಸುತ್ತದೆ. ತೋಟದ ಗುಂಡಿಗಳಲ್ಲಿ ದಿನವೂ ಓಡುವ ಜೀಪಿನಲ್ಲಿ ಅದರ ಆಯುಷ್ಯ ಕುಗ್ಗುತ್ತದೆ. ಉಕ್ಕಿನ ಹಬ್ಬಿಗೂ ಅಲ್ಯೂಮಿನಿಯಂ ಬಿಲ್ಲೆಗೂ ನಡುವೆ ನೀರು ನಿಂತರೆ ಎರಡೂ ಸವೆದು ಕಚ್ಚಿಕೊಳ್ಳುತ್ತವೆ. ಪಂಕ್ಚರ್ ಆದಾಗ ಬಿಲ್ಲೆ ಬಿಡಿಸಲು ಸುತ್ತಿಗೆ ಬೇಕಾದೀತು!

ಕಾನೂನನ್ನೂ ಮರೆಯುವಂತಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ 182ಎ ಕಲಮಿನಡಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಕವಚದಿಂದಾಚೆ ಚಾಚಿದ ಟೈರು ತಪಾಸಣೆಯಲ್ಲಿ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅಪಘಾತದ ಬಳಿಕ ವಿಮೆಯ ತಕರಾರಿಗೂ ಅದು ದಾರಿಯಾದೀತು.

ಇಷ್ಟಾದ ಮೇಲೂ ಅಳವಡಿಸುವುದಾದರೆ ಹಬ್‌ನ ತುಕ್ಕನ್ನು ತಂತಿಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆಯಬೇಕು. ತುಕ್ಕಿನ ಒಂದು ಹೊಪ್ಪಳೆ ಉಳಿದರೂ ಬಿಲ್ಲೆ ಓರೆಯಾಗುತ್ತದೆ. ಸ್ಟಡ್‌ನ ಮರೆಗೆ ಗ್ರೀಸ್ ಹಚ್ಚಕೂಡದು. ನಟ್ಟುಗಳನ್ನು ಎದುರುಬದುರಾಗಿ, ಕಾರಿನ ಕೈಪಿಡಿ ಹೇಳುವ ಬಿಗಿತಕ್ಕೆ, ಟಾರ್ಕ್ ವ್ರೆಂಚ್‌ನಿಂದಲೇ ಬಿಗಿಯಬೇಕು. 50ರಿಂದ 100 ಕಿ.ಮೀ. ಓಡಿದ ಬಳಿಕ ಮತ್ತೊಮ್ಮೆ ಪರೀಕ್ಷಿಸಬೇಕು. ದಪ್ಪ ಬಿಲ್ಲೆಯಾದರೆ ಚಕ್ರ ಕಳಚಿ ಒಳಗಿನ ನಟ್ಟುಗಳನ್ನೂ ನೋಡಬೇಕು. ಹಾಸನದಲ್ಲಿ ಅಳವಡಿಸಿಕೊಂಡು ಹೊರಟವರು ಬಾಳ್ಳುಪೇಟೆ ದಾಟಿ ಸಕಲೇಶಪುರ ತಲುಪುವಾಗ ಸುಮಾರು 40 ಕಿ.ಮೀ. ಆಗಿರುತ್ತದೆ. ಶಿರಾಡಿ ಇಳಿಯುವ ಮೊದಲು ಅಲ್ಲಿಯೇ ನಿಲ್ಲಿಸಿ ನೋಡಿಸುವುದು ಲೇಸು.